ಹಿರಿಯೂರು-ಚಳ್ಳಕೆರೆ ರಸ್ತೆ ನರ್ಸರಿ: ಬಯಲು ಸೀಮೆ ಬಿಸಿಲಿಗೆ ತಡೆಯೋ ಹೂಗಿಡ ಬೇಕಂದ್ರೆ ಇಲ್ಲಿಗೆ ಹೋಗಿ

ನಮ್ಮನೆ ಚಳ್ಳಕೆರೆ ಹತ್ರ. ವರ್ಷಕ್ಕೆ ಬೀಳೋದು 500 ಮಿ.ಮೀ. ಆಸುಪಾಸು ಮಳೆ, ಶಿವರಾತ್ರಿ ಕಳೀತು ಅಂದ್ರೆ ಬಿಸಿಲು ಚುರುಗುಟ್ಟುತ್ತೆ, ಬೋರ್‌ವೆಲ್ ನೀರು ಬೇರೆ ಗಡಸು, ಪಾಟಿನ ಅಂಚಲ್ಲೆಲ್ಲ ಬಿಳಿ ಉಪ್ಪು ಕಟ್ಕೊಳ್ಳುತ್ತೆ. ಇಂಥ ಕಡೆ ಯುಗಾದಿ ಹೊತ್ತಿಗೆ ಅಂಗಳ ತುಂಬ ಹೂವಿರಬೇಕು ಅಂದ್ರೆ ಎಲ್ಲ ಗಿಡನೂ ಆಗಲ್ಲ, ಆರಿಸಿ ತರ್ಬೇಕು. ಹಿರಿಯೂರು ಬಿಟ್ಟು ಚಳ್ಳಕೆರೆ ಕಡೆ ಬರೋವಾಗ ರಸ್ತೆ ಪಕ್ಕ ಈ ನರ್ಸರಿ ಸಿಗುತ್ತೆ, ಬೋರ್ಡೂ ಇಲ್ಲ, ನೆರಳಿಗೆ ಕಟ್ಟಿದ ಹಸಿರು ನೆಟ್ಟು, ಒಂದು ನೀರಿನ ತೊಟ್ಟಿ, ಮುಂದೆ ಸಾಲಾಗಿ ಕಾಗದದ ಹೂವಿನ ಗಿಡ ಅಷ್ಟೇ.

ನನಗೆ ಮೊದಲು ಹಿಡಿಸಿದ್ದು ಅಲ್ಲಿರೋ ಅಣ್ಣ ಗಿಡ ತೋರ್ಸೋಕೂ ಮುಂಚೆ ಕೇಳೋ ಪ್ರಶ್ನೆ. ಮನೆ ಮುಂದೆ ಬಿಸಿಲು ಬೆಳಗ್ಗೆ ಬೀಳುತ್ತಾ ಮಧ್ಯಾಹ್ನ ಮೇಲೆ ಬೀಳುತ್ತಾ, ದಿನಾ ನೀರು ಹಾಕೋಕಾಗುತ್ತಾ, ಊರಿಗೆ ಹೋದ್ರೆ ನೋಡ್ಕೊಳೋರು ಇದಾರಾ ಅಂತ. ಪೆಟೂನಿಯ ಕಡೆ ಕೈ ತೋರ್ಸಿದ್ರೆ "ಅಕ್ಕ, ಇದು ಚಳಿಗಾಲದ್ದು, ಈಗ ಒಯ್ದ್ರೆ ಮಾರ್ಚ್ ಕೊನೆಗೆ ಒಣಗುತ್ತೆ, ಬೇಕಿದ್ರೆ ದಸರಾ ಆದ್ಮೇಲೆ ಬನ್ನಿ" ಅಂದ್ರು. ಪ್ಯಾನ್ಸಿ, ಡಯಾಂಥಸ್, ಫ್ಲಾಕ್ಸ್ ಎಲ್ಲಾನೂ ಹಾಗೇ ಚಳಿಗಾಲದ್ದೇ, ಫೆಬ್ರವರೀಲಿ ನರ್ಸರಿ ತುಂಬ ಹೂ ಬಿಟ್ಟು ನಿಂತಿರುತ್ತೆ, ಆದ್ರೆ ಅದು ಅವುಗಳ ಕೊನೆ ಹೂವು. ಮಾರೋ ಗಿಡನೇ ಬೇಡ ಅನ್ನೋ ಅಂಗಡಿಯವರು ಎಷ್ಟು ಜನ ಸಿಗ್ತಾರೆ ಹೇಳಿ.

ಇನ್ನೊಂದು ವಿಷಯ, ಇದನ್ನ ಎಲ್ಲರೂ ತಿಳ್ಕೋಬೇಕು. ನಮ್ಮ ಕಡೆ ಬಹಳ ನರ್ಸರಿಗೆ ಆಂಧ್ರದ ಕಡಿಯಂ ಕಡೆಯಿಂದ ಲಾರೀಲಿ ಗಿಡ ಬರುತ್ತೆ. ಗೋದಾವರಿ ಸೀಮೆ ತೇವದ ಗಾಳೀಲಿ ಬೆಳೆದ ಗಿಡ, ಬೇರಿಗೆ ಜೇಡಿಮಣ್ಣಿನ ಉಂಡೆ. ಅದನ್ನ ಹಾಗೇ ನಮ್ಮ ಮಣ್ಣಿಗೆ ಇಟ್ರೆ ಉಂಡೆ ಒಣಗಿ ಕಲ್ಲಾಗಿ ಮೇಲಿಂದ ಹಾಕಿದ ನೀರೆಲ್ಲ ಪಕ್ಕದಲ್ಲೇ ಇಳಿದು ಹೋಗುತ್ತೆ, ನೆಲ ಒದ್ದೆ ಇರುತ್ತೆ, ಗಿಡ ಮಾತ್ರ ಬಾಡುತ್ತೆ. ಈ ನರ್ಸರಿ ಅಣ್ಣ ಅಲ್ಲಿಂದ ಬಂದ ಒಂದು ದಾಸವಾಳದ ಪ್ಲಾಸ್ಟಿಕ್ ಕವರ್ ಬ್ಲೇಡಲ್ಲಿ ಸೀಳಿ ತೋರ್ಸಿದ್ರು, ಉಂಡೆ ಸುತ್ತ ಕಂದು ಬೇರು ಸಿಂಬಿ ಥರ ಸುತ್ಕೊಂಡಿತ್ತು, ಪಕ್ಕದ್ದು ಅವರೇ ಕಟಿಂಗ್ ಹಾಕಿ ಬೆಳೆಸಿದ್ದು, ಮಣ್ಣು ಪುಡಿಪುಡಿ, ಬೇರಿನ ತುದಿ ಬೆಳ್ಳಗೆ. ಎರಡೂ ಮೇಲಿಂದ ನೋಡೋಕೆ ಒಂದೇ, ಹೊರಗಿಂದ ಬಂದಿದ್ದಕ್ಕೇ ಹೂ ಜಾಸ್ತಿ ಇತ್ತು! ಅದಕ್ಕೇ ಹೂ ನೋಡಿ ತಗೋಬೇಡಿ, ನೆಟ್ಟಿನ ಹೊರಗೆ ಬಿಸಿಲಲ್ಲಿ ನಿಂತಿರೋದನ್ನೇ ಕೇಳಿ ತಗೊಳಿ.

ನಾನು ತಂದಿದ್ದು ನಿತ್ಯಪುಷ್ಪ, ಟೇಬಲ್ ರೋಸ್, ಗೈಲಾರ್ಡಿಯ, ಒಂದು ಕಾಗದದ ಹೂವು, ಎರಡು ದುಂಡು ಮಲ್ಲಿಗೆ. ನಿತ್ಯಪುಷ್ಪ ಕವರ್ ನಾನು ತಂದಾಗ 20 ರೂಪಾಯಿ ಇತ್ತು, ಅದಕ್ಕೆ ಬಿಸಿಲು ಅಲ್ಲ ಶತ್ರು, ನಿಂತ ನೀರು, ಬುಡ ಕೊಳೆತು ಹೋಗುತ್ತೆ, ಆದ್ದರಿಂದ ಮೇಲ್ಮಣ್ಣು ಆರಿದ ಮೇಲಷ್ಟೇ ನೀರು. ಟೇಬಲ್ ರೋಸ್ ಒಂದು ಕವರ್ ಸಾಕು, ಕುಡಿ ಮುರಿದು ಚುಚ್ಚಿದ್ರೆ ಸಾಕು ಹಬ್ಬುತ್ತೆ. ಕಾಗದದ ಹೂವಿಗೆ ನೀರು ಕಮ್ಮಿ ಮಾಡಿದಷ್ಟೂ ಬಣ್ಣ, ದಿನಾ ನೀರು ಕುಡಿಸಿದ್ರೆ ಬರೀ ಎಲೆ. ಜಿನಿಯ ಸಸಿ ಇತ್ತು, ಆದ್ರೆ ಅದನ್ನ ಬೀಜ ತಂದು ನೇರ ಮಡೀಲೇ ಚೆಲ್ಲೋದು ಒಳ್ಳೇದು, ಕಿತ್ತು ನೆಟ್ರೆ ಅದಕ್ಕೆ ಆಗಿ ಬರಲ್ಲ, ನೇರ ಹಾಕಿದ್ರೆ ಎರಡು ತಿಂಗಳಲ್ಲಿ ಹೂ. ಮಲ್ಲಿಗೆ ಬಗ್ಗೆ ಅಣ್ಣ ಹೇಳಿದ ಮಾತು ಬಹಳ ಉಪಯೋಗ ಆಯ್ತು, ನವೆಂಬರ್ ಕೊನೆ ಹೊತ್ತಿಗೆ ನೀರು ನಿಲ್ಲಿಸಿ ಎಲ್ಲಾ ರೆಂಬೆ ಸವರಿ, ಆಮೇಲೆ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಶುರು ಮಾಡಿದ್ರೆ ಮಾರ್ಚಿಗೆ ಮೊಗ್ಗು ಬಿಡುತ್ತಂತೆ, ನಮ್ಮಲ್ಲಿ ಹಾಗೇ ಆಯ್ತು, ಸಂಜೆ ಹೊತ್ತು ಬೀದಿ ತುಂಬ ಘಮ. ಬುಡಕ್ಕೆ ನಾನು ಕಡ್ಲೆಕಾಯಿ ಸಿಪ್ಪೆ ಮುಚ್ತೀನಿ, ನಮ್ಮೂರಲ್ಲಿ ಎಣ್ಣೆ ಮಿಲ್ಲಿಗೇನು ಕಮ್ಮಿ, ಮೂಟೆ ಮೂಟೆ ಸಿಗುತ್ತೆ, ತೇವ ಆರಲ್ಲ.

ಕೊರತೆ ಇಲ್ಲ ಅಂತಲ್ಲ. ಯಾವ ಗಿಡಕ್ಕೂ ಚೀಟಿ ಇಲ್ಲ, ಕಾಗದದ ಹೂವು ಹೂ ಬಿಟ್ಟಿಲ್ಲ ಅಂದ್ರೆ ಬಣ್ಣ ಅವರ ಬಾಯಿ ಮಾತೇ. ಪಾಟ್ ರೇಟು ಜಾಸ್ತಿ, ಪಾಟ್ ಬೇರೆ ಕಡೆ ತಗೊಳಿ. ಅಡೆನಿಯಂ, ಕಣಗಿಲೆ ಮಾರೋವಾಗ ಗಿಡದ ರಸ ವಿಷ ಅಂತ ತಾವಾಗೇ ಹೇಳ್ಬೇಕಿತ್ತು, ನಾನು ಕೇಳಿದ ಮೇಲೆ ಹೇಳಿದ್ರು, ಮಕ್ಕಳು ದನಕರು ಇರೋ ಮನೆಯವರು ಕಣಗಿಲೆನ ಅವರ ಕೈಗೆ, ದನದ ಬಾಯಿಗೆ ಸಿಗದ ಕಡೆ ಇಡಿ.

ಹೋಗೋರು ಸಂಜೆ ನಾಲ್ಕರ ಮೇಲೆ ಹೋಗಿ, ಅಣ್ಣನಿಗೆ ಮಾತಾಡೋಕೂ ಪುರುಸೊತ್ತಿರುತ್ತೆ. ಬೈಕಲ್ಲಿ ತರೋದಾದ್ರೆ ಗಿಡಕ್ಕೆ ಒದ್ದೆ ಬಟ್ಟೆ ಸುತ್ತಿ ತನ್ನಿ, ಆ ರಸ್ತೆ ಬಿಸಿಗಾಳಿಗೆ ಎಲೆ ಸುಟ್ಟು ಹೋಗುತ್ತೆ, ಬಂದ ತಕ್ಷಣ ನೆಡಬೇಡಿ, ಎರಡು ದಿನ ನೆರಳಲ್ಲಿಟ್ಟು ಆಮೇಲೆ ನೆಡಿ.