ಲೀಕೇಜ್ ಒಳಗಿರಲೋ, ಹೊರಗಿರಲೋ: ಎಲ್‌ಎಲ್‌ಸಿಗಾಗಿ ಸುತ್ತಿ ನೋಡಿದ ಎರಡು ಟ್ರಾನ್ಸ್‌ಫಾರ್ಮರ್‌ಗಳು

400 ವೋಲ್ಟ್ ತೆಗೆದುಕೊಂಡು 24 ವೋಲ್ಟ್, 10 ಆಂಪಿಯರ್ ಕೊಡುವ ಹಾಫ್ ಬ್ರಿಡ್ಜ್ (ಎರಡು ಸ್ವಿಚ್‌ಗಳ) ಎಲ್‌ಎಲ್‌ಸಿ ಕನ್ವರ್ಟರ್, ಅಂದರೆ ಎರಡು ಇಂಡಕ್ಟೆನ್ಸ್ ಮತ್ತು ಒಂದು ಕೆಪಾಸಿಟರ್‌ನ ಅನುರಣನದಿಂದ ನಡೆಯುವ ಪವರ್ ಸಪ್ಲೈ, ನನ್ನ ಮೇಜಿನ ಮೇಲಿತ್ತು. ಅನುರಣನ ಆವೃತ್ತಿ 100 ಕಿಲೊಹರ್ಟ್ಸ್. ಅದಕ್ಕೆ 30 ನ್ಯಾನೊಫ್ಯಾರಡ್ ಕೆಪಾಸಿಟರ್ ಮತ್ತು 85 ಮೈಕ್ರೊಹೆನ್ರಿ ಸರಣಿ ಇಂಡಕ್ಟೆನ್ಸ್ ಬೇಕು. ಈ 85 ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ. ಪ್ರತ್ಯೇಕ ಇಂಡಕ್ಟರ್ ಕಟ್ಟಬಹುದು, ಇಲ್ಲವೇ ಟ್ರಾನ್ಸ್‌ಫಾರ್ಮರ್‌ನ ಲೀಕೇಜ್ ಇಂಡಕ್ಟೆನ್ಸನ್ನೇ (ಒಂದು ಸುರುಳಿಯಿಂದ ಇನ್ನೊಂದಕ್ಕೆ ತಲುಪದ ಕಾಂತೀಯ ಫ್ಲಕ್ಸ್‌ನಿಂದ ಬರುವುದು) ಅಷ್ಟಕ್ಕೆ ಬೆಳೆಸಬಹುದು. ಇಟಿಡಿ 39 ಎಂಬ ಅಳತೆಯ ಫೆರೈಟ್ ಕೋರ್‌ನಲ್ಲಿ ಎರಡನ್ನೂ ಸುತ್ತಿದೆ.

ಮೊದಲನೆಯದರಲ್ಲಿ ಪ್ರೈಮರಿಯ (ಇನ್‌ಪುಟ್ ಸುರುಳಿಯ) ಅರ್ಧ, ಅದರ ಮೇಲೆ ಸೆಕೆಂಡರಿ (ಔಟ್‌ಪುಟ್ ಸುರುಳಿ), ಮತ್ತೆ ಪ್ರೈಮರಿಯ ಉಳಿದರ್ಧ. 33 ಸುತ್ತಿಗೆ 4 ಸುತ್ತು. ಲೀಕೇಜ್ ಕೆಲವೇ ಮೈಕ್ರೊಹೆನ್ರಿಗೆ ಇಳಿಯಿತು. ಅದನ್ನು 85ರಿಂದ ಕಳೆದು ಹೊರಗಿನ ಇಂಡಕ್ಟರನ್ನು ಕಟ್ಟಿದೆ. ಲೆಕ್ಕ ಮತ್ತು ಅಳತೆ ಹೊಂದಿಕೊಂಡವು. ತೊಂದರೆ ಕೊಟ್ಟದ್ದು ಇಂಡಕ್ಟರ್. ಇದರಲ್ಲಿ ಡಿಸಿ ಹರಿಯುವುದಿಲ್ಲ, ಫ್ಲಕ್ಸ್ ಎರಡೂ ದಿಕ್ಕಿಗೆ ಪೂರ್ತಿ ತೂಗಾಡುತ್ತದೆ. ಡಿಸಿ ಹರಿಯುವ ಬಕ್ ಕನ್ವರ್ಟರ್‌ನ ಚೋಕ್ ಆರಿಸುವಂತೆ ಸ್ಯಾಚುರೇಶನ್ (ಕೋರ್ ಇನ್ನು ಹೆಚ್ಚು ಫ್ಲಕ್ಸ್ ಹಿಡಿಯಲಾರದ ಮಿತಿ) ಮಾತ್ರ ನೋಡಿ ಸಣ್ಣ ಕೋರ್ ಹಾಕಿದ್ದೆ, ಫೆರೈಟ್ ಕಾದುಹೋಯಿತು. ಕೋರ್ ನಷ್ಟದ ಲೆಕ್ಕದಿಂದ ಮತ್ತೆ ಶುರು ಮಾಡಿ, ಸುತ್ತುಗಳನ್ನು ಏರ್ ಗ್ಯಾಪ್‌ನಿಂದ ದೂರ ಸರಿಸಿದ ಮೇಲೆ ತಣ್ಣಗಾಯಿತು.

ಎರಡನೆಯದು ನಡುವೆ ಗೋಡೆಯಿರುವ ಬಾಬಿನ್ (ತಂತಿ ಸುತ್ತುವ ಚೌಕಟ್ಟು): ಒಂದು ಕಡೆ ಪ್ರೈಮರಿ, ಇನ್ನೊಂದು ಕಡೆ ಸೆಕೆಂಡರಿ. ಸೆಕೆಂಡರಿಯನ್ನು ಶಾರ್ಟ್ ಮಾಡಿ ಪ್ರೈಮರಿಯಲ್ಲಿ ಅಳೆದಾಗ 85 ಬರುವವರೆಗೆ ಗೋಡೆಯ ದಪ್ಪವನ್ನು ಬದಲಿಸುತ್ತಾ ಹೋದೆ. ಒಂದು ಬಿಡಿಭಾಗ ಕಡಿಮೆಯಾಯಿತು, ಪ್ರೈಮರಿ-ಸೆಕೆಂಡರಿ ನಡುವಿನ ಸುರಕ್ಷತಾ ಅಂತರ ಸಲೀಸಾಗಿ ಸಿಕ್ಕಿತು, ನಡುವಿನ ಕೆಪಾಸಿಟೆನ್ಸ್ ಕುಗ್ಗಿ ಕಾಮನ್ ಮೋಡ್ ಗದ್ದಲವೂ (ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವುದು) ಇಳಿಯಿತು. ಮೊದಲ ವಿನ್ಯಾಸ ಈ ಮೂರರಲ್ಲೂ ಸೋಲುತ್ತದೆ.

ಆದರೆ ಅದೇ 33:4 ಅನುಪಾತ ಇಲ್ಲಿ ನಡೆಯಲಿಲ್ಲ. ಲೀಕೇಜಿನ ಒಂದು ಪಾಲು ಸೆಕೆಂಡರಿಯ ಕಡೆಗೂ ಇರುವುದರಿಂದ ಅನುರಣನದಲ್ಲಿ ಗೇನ್ (ಸುತ್ತುಗಳ ಅನುಪಾತದಿಂದ ಬರಬೇಕಾದ ವೋಲ್ಟೇಜಿಗೆ ಹೋಲಿಸಿದರೆ ನಿಜವಾಗಿ ಬರುವುದು) 1ಕ್ಕಿಂತ ಮೇಲೇರುತ್ತದೆ. ಸೆಕೆಂಡರಿ ತೆರೆದಿದ್ದಾಗಿನ ಪ್ರೈಮರಿ ಇಂಡಕ್ಟೆನ್ಸ್ 510, ಶಾರ್ಟ್ ಆದಾಗ 85, ಅನುಪಾತ 6. ಗೇನ್ ಎಂದರೆ 6/5ರ ವರ್ಗಮೂಲ, ಸುಮಾರು 1.095. ಔಟ್‌ಪುಟ್ ಹೆಚ್ಚಾಗದಂತೆ ಕಂಟ್ರೋಲರ್ ಆವೃತ್ತಿಯನ್ನು ಅನುರಣನಕ್ಕಿಂತ ಮೇಲೆ ಎಳೆಯುತ್ತಿತ್ತು. 36:4 ಸುತ್ತಿದಾಗ ಸರಿಹೋಯಿತು. ಎಲ್‌ಎಲ್‌ಸಿ ಕಲಿಯುವವರಿಗೆ ಇದನ್ನು ಮೊದಲ ದಿನವೇ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಸಿಯ ಕಥೆ ಇನ್ನೂ ಮುಖ್ಯ. ಬೇಕೆಂದೇ ಬೆಳೆಸಿದ ಲೀಕೇಜ್ ಫ್ಲಕ್ಸ್ ತಾಮ್ರದ ಮೂಲಕವೇ ಹಾದುಹೋಗುತ್ತದೆ. 100 ಕಿಲೊಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ (ತಾಮ್ರದ ಮೇಲ್ಮೈಯಿಂದ ವಿದ್ಯುತ್ ಹರಿಯುವ ಆಳ) ಸುಮಾರು 0.21 ಮಿಲಿಮೀಟರ್ ಎಂದು 0.2 ಮಿಲಿಮೀಟರ್ ಎಳೆಗಳ ಲಿಟ್ಜ್ ತಂತಿ (ಪ್ರತ್ಯೇಕವಾಗಿ ಇನ್ಸುಲೇಟ್ ಆದ ಸಣ್ಣ ಎಳೆಗಳ ಹೊಸೆ) ಬಳಸಿದ್ದೆ. ಪದರದ ಮೇಲೆ ಪದರ ಕೂರುವ ಈ ಬಾಬಿನ್‌ನಲ್ಲಿ ಅಷ್ಟು ಸಾಲದು. ತಾಮ್ರದ ಒಟ್ಟು ಅಡ್ಡಕೊಯ್ತ ಅಷ್ಟೇ ಇಟ್ಟು ಎಳೆಯನ್ನು 0.1ಕ್ಕೆ ಇಳಿಸಿದರೆ ಪ್ರಾಕ್ಸಿಮಿಟಿ ನಷ್ಟ (ಸುತ್ತಲಿನ ತಂತಿಗಳ ಕಾಂತಕ್ಷೇತ್ರದಿಂದಾಗುವುದು) ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ. ಹಾಗೆ ಮಾಡಿದ ಮೇಲೆಯೇ ಅದು ಪೂರ್ಣ ಲೋಡಿಗೆ ನಿಂತಿತು. ಪೆಟ್ಟಿಗೆಯ ಅಲ್ಯೂಮಿನಿಯಂ ತಟ್ಟೆಯನ್ನು ಸುರುಳಿಯ ಹತ್ತಿರ ತಂದರೆ ಮೀಟರಿನಲ್ಲಿ ಲೀಕೇಜ್ ಅಂಕಿ ಕದಲುವುದನ್ನೂ ಕಂಡೆ, ಹಾಗಾಗಿ ಅಳತೆಯನ್ನು ಪೆಟ್ಟಿಗೆಯೊಳಗೇ ಮಾಡಬೇಕು.

ಪ್ಲೇನಾರ್ (ಸುರುಳಿಗಳನ್ನು ಚಪ್ಪಟೆ ತಾಮ್ರದ ಪದರಗಳಾಗಿ ಮಾಡುವ) ವಿನ್ಯಾಸವನ್ನು ಮುಟ್ಟಲಿಲ್ಲ. ಈ ಆವೃತ್ತಿಯಲ್ಲಿ ಅದರ ಅಗತ್ಯ ನನಗೆ ಕಾಣಲಿಲ್ಲ.

ವಿನ್ಯಾಸ ಇನ್ನೂ ಬದಲಾಗುತ್ತಿರುವಾಗ ನನ್ನ ಒಲವು ಪ್ರತ್ಯೇಕ ಇಂಡಕ್ಟರ್ ಕಡೆಗೆ. 85 ಬೇಡ, 95 ಬೇಕು ಎಂದಾದರೆ ಅದೊಂದನ್ನೇ ಬಿಚ್ಚಿ ಸುತ್ತಬಹುದು. ಅಂಕಿಗಳು ಗಟ್ಟಿಯಾಗಿ, ನೂರಾರು ಪ್ರತಿ ಮಾಡುವ ಹೊತ್ತಿಗೆ ಗೋಡೆಯ ಬಾಬಿನ್ ಗೆಲ್ಲುತ್ತದೆ. ಆಗ ಸೆಂಟರ್ ಟ್ಯಾಪ್ ಸೆಕೆಂಡರಿಯ (ನಡುವಿನಿಂದ ತಂತಿ ಹೊರತೆಗೆದದ್ದು) ಎರಡೂ ಅರ್ಧಗಳನ್ನು ಜೋಡಿ ತಂತಿಯಲ್ಲಿ ಒಟ್ಟಿಗೆ ಸುತ್ತಿ, ಒಂದೊಂದನ್ನೇ ಶಾರ್ಟ್ ಮಾಡಿ ಅಳೆಯಿರಿ. ಒಂದರ ಮೇಲೊಂದು ಸುತ್ತಿದ ನನ್ನ ಮೊದಲ ಪ್ರತಿಯಲ್ಲಿ ಎರಡು ಅಳತೆ ಬೇರೆಬೇರೆ ಬಂದು, ಒಂದು ರೆಕ್ಟಿಫೈಯರ್ ಮಾತ್ರ ಬಿಸಿಯಾಗುತ್ತಿತ್ತು.