ಸೋರಿದ ಪಾಸ್‌ವರ್ಡ್ ಪತ್ತೆ ಮಾಡುವ ತಾಣ: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಮಾಹಿತಿ ಎಲ್ಲೆಲ್ಲಿ ಸೋರಿದೆ ಅಂತ ತಿಳಿಸುವ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣಕ್ಕೆ ಹೋಗುವವರಲ್ಲಿ ಹೆಚ್ಚಿನವರು ಒಂದೇ ಸಲ ಹೋಗುತ್ತಾರೆ ಅನಿಸುತ್ತದೆ. ಇಮೇಲ್ ವಿಳಾಸ ಹಾಕುತ್ತಾರೆ. ನಾಲ್ಕೈದು ಕಡೆ ನಿಮ್ಮ ಮಾಹಿತಿ ಸೋರಿದೆ ಅಂತ ಬರುತ್ತದೆ. ಅಯ್ಯೋ ಅಂದುಕೊಂಡು ಟ್ಯಾಬ್ ಮುಚ್ಚುತ್ತಾರೆ. ಅಷ್ಟಕ್ಕೇ ಬಿಟ್ಟರೆ ಇದರಿಂದ ಗಾಬರಿ ಬಿಟ್ಟು ಬೇರೇನೂ ಸಿಗುವುದಿಲ್ಲ. ನಾನು ಇದನ್ನು ಕೆಲವು ವರ್ಷಗಳಿಂದ ಬಿಡದೆ ಬಳಸುತ್ತಿದ್ದೇನೆ. ಹೆಸರು ಮಾಡಿರುವುದು ಇಮೇಲ್ ಹುಡುಕಾಟ. ಆದರೆ ನನಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಅದರ ಪಕ್ಕದಲ್ಲೇ ಇರುವ ಪಾಸ್‌ವರ್ಡ್ ಪರೀಕ್ಷೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರ ಡಿಸೆಂಬರ್‌ನಲ್ಲಿ ಇದನ್ನು ಶುರು ಮಾಡಿದರು. ಅದೇ ವರ್ಷ ತಂತ್ರಾಂಶ ಕಂಪನಿ ಅಡೋಬಿಯ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಹೊರಬಿದ್ದಿತ್ತು. ಕದ್ದ ಮಾಹಿತಿ ಕಳ್ಳರ ನಡುವೆ ಕೈಬದಲಾಗುತ್ತಾ ಒಂದು ದಿನ ಇವರ ಕೈಗೂ ಸಿಗುತ್ತದೆ. ಅದು ನಿಜವೇ ಅಂತ ನೋಡಿ ತಾಣಕ್ಕೆ ಸೇರಿಸುತ್ತಾರೆ. ನಿಮ್ಮ ಇಮೇಲ್ ಒಮ್ಮೆ ನೋಂದಾಯಿಸಿದರೆ ಸಾಕು, ಮುಂದೆ ಯಾವುದಾದರೂ ಸೋರಿಕೆಯಲ್ಲಿ ಅದು ಕಂಡಾಗ ಎಚ್ಚರಿಕೆಯ ಮೇಲ್ ಬರುತ್ತದೆ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಎಚ್ಚರಿಕೆ ಬರುವುದೇನೋ ಸರಿ, ಬರುವುದು ಯಾವಾಗ ಅನ್ನುವುದೇ ತಕರಾರು. ಲಿಂಕ್ಡ್‌ಇನ್‌ನಿಂದ ಮಾಹಿತಿ ಕಳುವಾಗಿದ್ದು 2012ರಲ್ಲಿ. 16 ಕೋಟಿಗೂ ಹೆಚ್ಚು ಇಮೇಲ್‌ಗಳಿದ್ದ ಪೂರ್ತಿ ಕಂತೆ ಮಾರಾಟಕ್ಕೆ ಕಾಣಿಸಿಕೊಂಡಿದ್ದು 2016ರಲ್ಲಿ. ನಡುವಿನ ನಾಲ್ಕು ವರ್ಷ ಅದು ಯಾರ ಯಾರ ಕೈಯಲ್ಲಿತ್ತೋ! ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗುತ್ತದೆ. ಇದು ಈ ತಾಣದ ತಪ್ಪಲ್ಲ. ಕೈಗೆ ಸಿಗದ ಮಾಹಿತಿಯ ಬಗ್ಗೆ ಯಾರು ತಾನೆ ಎಚ್ಚರಿಸಲು ಸಾಧ್ಯ? ಆದರೆ ಎಚ್ಚರಿಕೆ ಬಂದಿಲ್ಲ ಅಂದರೆ ಎಲ್ಲ ಸುರಕ್ಷಿತ ಅಂತ ಅಂದುಕೊಳ್ಳುವವರಿಗೆ ಇದು ಗೊತ್ತಿರಲಿ.

ನನಗೆ ಬಂದ ಎಚ್ಚರಿಕೆಗಳಲ್ಲಿ ದೊಡ್ಡ ಕಂಪನಿಗಳವು ಕಡಿಮೆ. ಹೆಚ್ಚಿನವು ಹಳೆಯ ಚರ್ಚಾ ವೇದಿಕೆಗಳವು, ಹವ್ಯಾಸಿ ಗುಂಪುಗಳವು. ಒಂದು ಪ್ರಶ್ನೆ ಕೇಳಲು ಖಾತೆ ತೆರೆದು ಆಮೇಲೆ ಆ ಕಡೆ ತಿರುಗಿಯೂ ನೋಡದ ಜಾಗಗಳು. ಅಪಾಯ ಹೆಚ್ಚಿರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಬ್ಯಾಂಕಿನ ತಾಣವನ್ನು ಕಾಯಲು ಸಂಬಳ ಪಡೆಯುವ ತಂಡವೇ ಇರುತ್ತದೆ. ಇಂಥ ವೇದಿಕೆಗಳನ್ನು ಯಾರೋ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುತ್ತಿರುತ್ತಾರೆ. ತಂತ್ರಾಂಶ ಅಪ್‌ಡೇಟ್ ಮಾಡದೆ ವರ್ಷಗಳಾಗಿರುತ್ತವೆ. ಪಾಸ್‌ವರ್ಡ್‌ಗಳನ್ನು ಎಂಡಿ5 ಅನ್ನುವ ಹಳೆಯ ವಿಧಾನದಲ್ಲಿ ಹ್ಯಾಶ್ ಮಾಡಿ, ಅಂದರೆ ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಅಕ್ಷರಗಳ ಸಾಲಾಗಿ ಮಾರ್ಪಡಿಸಿ ಇಟ್ಟಿರುತ್ತಾರೆ. ಇವತ್ತಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಎಂಡಿ5 ಮೇಲೆ ಸೆಕೆಂಡಿಗೆ ಸಾವಿರಾರು ಕೋಟಿ ಊಹೆಗಳನ್ನು ಓಡಿಸಬಲ್ಲದು. ಸುಲಭದ ಪಾಸ್‌ವರ್ಡ್ ಅದರ ಮುಂದೆ ನಿಲ್ಲುವುದೇ ಇಲ್ಲ.

ಕಳ್ಳರಿಗೆ ಆ ವೇದಿಕೆಯ ಖಾತೆಯಿಂದ ಏನು ಲಾಭ ಅಂತ ಕೇಳಬಹುದು. ಲಾಭ ಎರಡಿದೆ. ಅದೇ ಇಮೇಲ್, ಅದೇ ಪಾಸ್‌ವರ್ಡ್ ಜೋಡಿಯನ್ನು ತಂತ್ರಾಂಶದ ಮೂಲಕ ಬೇರೆ ನೂರಾರು ತಾಣಗಳಲ್ಲಿ ಹಾಕಿ ನೋಡುತ್ತಾರೆ. ಎಲ್ಲೋ ಒಂದು ಕಡೆ ಬಾಗಿಲು ತೆರೆಯುತ್ತದೆ. ಎರಡನೆಯದು ಇನ್ನೂ ಕಿಲಾಡಿ ಕೆಲಸ. ಹೊಸ ಖಾತೆಯಿಂದ ಹಾಕಿದ ಸ್ಪ್ಯಾಮ್ ಕೂಡಲೇ ಸಿಕ್ಕಿಬೀಳುತ್ತದೆ. ಹತ್ತು ವರ್ಷ ಹಳೆಯ, ಒಳ್ಳೆಯ ಹೆಸರಿರುವ ಖಾತೆಯಿಂದ ‘ನನ್ನ ಕ್ಯಾಮೆರಾ ಮಾರಾಟಕ್ಕಿದೆ, ಮುಂಗಡ ಕಳಿಸಿ’ ಅಂತ ಬಂದರೆ ಜನ ನಂಬುತ್ತಾರೆ. ಖಾತೆಯ ಜೊತೆಗೆ ಅದರ ಹಿಂದಿನ ನಂಬಿಕೆಯೂ ಕಳುವಾಗುತ್ತದೆ. ಸೋರಿಕೆಯಲ್ಲಿ ಖಾಸಗಿ ಸಂದೇಶಗಳೂ ಇದ್ದರೆ ಮುಗಿದೇ ಹೋಯಿತು. ಯಾರು ಯಾರ ಜೊತೆ ಏನು ಮಾತಾಡಿದ್ದರು ಅಂತ ಗೊತ್ತಿರುವ ಮೋಸಗಾರನನ್ನು ಗುರುತು ಹಿಡಿಯುವುದು ಕಷ್ಟ.

ಹಳೆಯ ಸೋರಿಕೆಗಳ ಪಟ್ಟಿಯನ್ನು ಮತ್ತೆ ಮತ್ತೆ ನೋಡುವ ಅಭ್ಯಾಸ ಇನ್ನೊಂದು ಕಡೆ ಅನುಕೂಲಕ್ಕೆ ಬಂತು. 2018ರಿಂದ ಒಂದು ಬಗೆಯ ಬೆದರಿಕೆ ಮೇಲ್ ಜೋರಾಗಿ ಓಡಾಡುತ್ತಿದೆ. ‘ನಿನ್ನ ಕಂಪ್ಯೂಟರ್ ನನ್ನ ಕೈಯಲ್ಲಿದೆ, ಕ್ಯಾಮೆರಾದಲ್ಲಿ ನಿನ್ನನ್ನು ರೆಕಾರ್ಡ್ ಮಾಡಿದ್ದೇನೆ, ಬಿಟ್‌ಕಾಯಿನ್ ಕಳಿಸು’ ಅಂತ ಅದರಲ್ಲಿ ಇರುತ್ತದೆ. ಸಾಕ್ಷಿಗೆ ನಿಮ್ಮದೇ ಒಂದು ಪಾಸ್‌ವರ್ಡ್ ಬರೆದಿರುತ್ತಾರೆ. ಅದನ್ನು ನೋಡಿದ ಕೂಡಲೇ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ ಅಲ್ವಾ? ನನಗೂ ಬಂದಿತ್ತು. ಅದರಲ್ಲಿದ್ದ ಪಾಸ್‌ವರ್ಡ್ ಎಂದೋ ಸತ್ತ ಒಂದು ವೇದಿಕೆಯದು, ಆ ವೇದಿಕೆ ಈ ತಾಣದ ಪಟ್ಟಿಯಲ್ಲಿ ಆಗಲೇ ಇತ್ತು. ಯಾರೂ ನನ್ನ ಕಂಪ್ಯೂಟರ್‌ಗೆ ಬಂದಿಲ್ಲ, ಹಳೆಯ ಕಂತೆಯಿಂದ ಹೆಕ್ಕಿ ಲಕ್ಷಾಂತರ ಜನಕ್ಕೆ ಸುಮ್ನೆ ಬಲೆ ಬೀಸಿದ್ದಾರೆ ಅಂತ ಅಷ್ಟರಲ್ಲೇ ತಿಳಿಯಿತು. ಡಿಲೀಟ್ ಮಾಡಿದೆ.

ಇನ್ನು ಪಾಸ್‌ವರ್ಡ್ ಪರೀಕ್ಷೆ. ಇದು 2017ರಲ್ಲಿ ಬಂತು. ಸೋರಿಕೆಗಳಲ್ಲಿ ಸಿಕ್ಕ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳ ಕಣಜ ಇದು. ಯಾವುದು ಯಾರದು ಅನ್ನುವ ವಿವರ ಇದರಲ್ಲಿ ಇರುವುದಿಲ್ಲ. ನೀವು ಬಳಸಬೇಕೆಂದಿರುವ ಪಾಸ್‌ವರ್ಡ್ ಅದರಲ್ಲಿದೆಯೇ, ಇದ್ದರೆ ಎಷ್ಟು ಸಲ ಕಂಡಿದೆ ಅಂತ ಹೇಳುತ್ತದೆ. ‘ನನ್ನ ಪಾಸ್‌ವರ್ಡನ್ನು ಬೇರೆಯವರ ತಾಣದಲ್ಲಿ ಯಾಕೆ ಹಾಕಲಿ?’ ಅಂತ ನೀವು ಕೇಳಿದರೆ ಭೇಷ್, ಕೇಳಲೇಬೇಕಾದ ಪ್ರಶ್ನೆ. 2018ರಿಂದ ಇದಕ್ಕೆ ಒಂದು ಜಾಣ ಉಪಾಯ ಇದೆ. ಪಾಸ್‌ವರ್ಡ್‌ನಿಂದ 40 ಅಕ್ಷರಗಳ ಹ್ಯಾಶ್ ತಯಾರಾಗುವುದು ನಿಮ್ಮ ಕಂಪ್ಯೂಟರ್‌ನಲ್ಲೇ. ಅದರ ಮೊದಲ 5 ಅಕ್ಷರ ಮಾತ್ರ ಆಚೆ ಹೋಗುತ್ತವೆ. ಆ 5 ಅಕ್ಷರಗಳಿಂದ ಶುರುವಾಗುವ ಬಹಳಷ್ಟು ಹ್ಯಾಶ್‌ಗಳ ಪಟ್ಟಿ ವಾಪಸ್ ಬರುತ್ತದೆ. ನಿಮ್ಮದು ಅದರಲ್ಲಿ ಇದೆಯೇ ಅಂತ ಹೋಲಿಸಿ ನೋಡುವ ಕೆಲಸವೂ ನಿಮ್ಮ ಕಂಪ್ಯೂಟರ್‌ನಲ್ಲೇ. ನೀವು ಹುಡುಕಿದ್ದು ಯಾವುದನ್ನು ಅಂತ ಅವರಿಗೇ ತಿಳಿಯುವುದಿಲ್ಲ.

ಇಷ್ಟಾದರೂ ಪಾಸ್‌ವರ್ಡನ್ನು ಕೈಯಾರೆ ಟೈಪ್ ಮಾಡಿ ನೋಡಲು ನಾನು ಹೋಗುವುದಿಲ್ಲ. ಪಾಸ್‌ವರ್ಡ್‌ಗಳನ್ನು ಜೋಪಾನವಾಗಿ ನೆನಪಿಟ್ಟುಕೊಳ್ಳುವ ತಂತ್ರಾಂಶಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಅನ್ನುತ್ತಾರೆ. ಕೆಲವು ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ಇದೇ ಪರೀಕ್ಷೆ ಒಳಗೇ ಸೇರಿಕೊಂಡಿದೆ, ಅಲ್ಲಿಂದಲೇ ಮಾಡುತ್ತೇನೆ. ವೇದಿಕೆ ನಡೆಸುವವರು ನೋಂದಣಿ ಪುಟಕ್ಕೆ ಇದನ್ನು ಜೋಡಿಸಬಹುದು, ಅದಕ್ಕೂ ಹಣ ಕೇಳುವುದಿಲ್ಲ. ಸೋರಿದ ಪಾಸ್‌ವರ್ಡ್‌ಗಳನ್ನು ತಿರಸ್ಕರಿಸಿ, ಕಾರಣವಿಲ್ಲದೆ ಆಗಾಗ ಪಾಸ್‌ವರ್ಡ್ ಬದಲಿಸುವಂತೆ ಬಳಕೆದಾರರನ್ನು ಪೀಡಿಸಬೇಡಿ ಅಂತ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಆದರೂ ‘ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ’ ಅಂತ ಕಾಡುವ ತಾಣಗಳಿಗೇನೂ ಬರ ಬಂದಿಲ್ಲ.

ನಂಬಬಹುದಾ? ನಾನು ನಂಬಿದ್ದೇನೆ. 2025ರ ಮಾರ್ಚ್‌ನಲ್ಲಿ ಟ್ರಾಯ್ ಹಂಟ್ ಅವರೇ ಒಂದು ಫಿಶಿಂಗ್ (ಅಸಲಿಯ ವೇಷ ಹಾಕಿ ಲಾಗಿನ್ ವಿವರ ಕದಿಯುವ) ಮೇಲ್‌ಗೆ ಸಿಕ್ಕಿಬಿದ್ದರು. ಅವರ ಬ್ಲಾಗಿನ ಸುಮಾರು 16,000 ಚಂದಾದಾರರ ಪಟ್ಟಿ ಕಳ್ಳರ ಪಾಲಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಬೇಗನೆ ಎಲ್ಲವನ್ನೂ ಬರೆದು, ಆ ಪಟ್ಟಿಯನ್ನೂ ತಮ್ಮ ತಾಣಕ್ಕೆ ಸೇರಿಸಿದರು. ಮಾಹಿತಿ ಕಳೆದುಕೊಂಡು ತಿಂಗಳುಗಟ್ಟಲೆ ತುಟಿ ಬಿಚ್ಚದ ಸಂಸ್ಥೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕೊರತೆಗಳೂ ಇವೆ. ಕೆಲವು ಕಂತೆಗಳಿಗೆ ಮೂಲವೇ ಇಲ್ಲ. 2019ರ ‘ಕಲೆಕ್ಷನ್ 1’ರಲ್ಲಿ 77 ಕೋಟಿ ಇಮೇಲ್‌ಗಳಿದ್ದವು. ಅದರಲ್ಲಿ ನಿಮ್ಮದೂ ಇದೆ ಅಂತ ತಿಳಿದರೆ ಯಾವ ಖಾತೆ ಅಂತ ಹುಡುಕುತ್ತೀರಿ? ಒಂದೊಂದು ತಾಣಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟವರು ನಿದ್ದೆ ಮಾಡಬಹುದು, ಉಳಿದವರಿಗೆ ಜಾಗರಣೆ. ಇಮೇಲ್‌ಗೆ ಪ್ಲಸ್ ಚಿಹ್ನೆ ಹಾಕಿ (‘ಹೆಸರು+ತಾಣ@...’ ಅನ್ನುವ ಹಾಗೆ) ತಾಣಕ್ಕೊಂದು ವಿಳಾಸ ಮಾಡಿಕೊಳ್ಳುವ ನಮ್ಮಂಥವರಿಗೆ ಇನ್ನೊಂದು ಕಿರಿಕಿರಿ. ಪ್ಲಸ್ ಇರುವ ಒಂದೊಂದು ವಿಳಾಸವೂ ಇಲ್ಲಿ ಬೇರೆಯೇ ಲೆಕ್ಕ, ಒಂದೊಂದನ್ನೂ ಪ್ರತ್ಯೇಕವಾಗಿ ಹುಡುಕಬೇಕು. ಸ್ವಂತ ಡೊಮೈನ್ (ಇಮೇಲ್‌ನಲ್ಲಿ @ ಆದ ಮೇಲೆ ಬರುವ ಹೆಸರು) ಇದ್ದರೆ ಈ ತಲೆನೋವಿಲ್ಲ, ಇಡೀ ಡೊಮೈನನ್ನೇ ಈ ತಾಣದ ಎಚ್ಚರಿಕೆಗೆ ನೋಂದಾಯಿಸಬಹುದು.

ಎಚ್ಚರಿಕೆ ಮೇಲ್‌ಗಳ ವೇಷದಲ್ಲೂ ಮೋಸ ಬರುತ್ತದೆ. ‘ನಿಮ್ಮ ಮಾಹಿತಿ ಸೋರಿದೆ, ಇಲ್ಲಿ ಒತ್ತಿ’ ಅಂತ ಯಾರು ಬೇಕಾದರೂ ಬರೆಯಬಹುದಲ್ಲ. ಹಾಗಾಗಿ ಯಾವ ಮೇಲ್ ಬಂದರೂ ಅದರಲ್ಲಿರುವ ಲಿಂಕ್ ಒತ್ತದೆ, ತಾಣದ ವಿಳಾಸವನ್ನು ನಾನೇ ಟೈಪ್ ಮಾಡಿ ಹೋಗುತ್ತೇನೆ.

ನನಗೆ ಕೊನೆಗೂ ಒಗ್ಗದ ಸಂಗತಿ ಒಂದಿದೆ. ತಾಣದಲ್ಲಿ ಮಾಡುವ ಇಮೇಲ್ ಹುಡುಕಾಟಕ್ಕೆ ಆ 5 ಅಕ್ಷರಗಳ ಜಾಣತನ ಇಲ್ಲ. ನಿಮ್ಮ ವಿಳಾಸ ಗೊತ್ತಿರುವ ಯಾರಾದರೂ ಅದನ್ನು ಹಾಕಿ, ಮಾಹಿತಿ ಸೋರಿದ ತಾಣಗಳಲ್ಲಿ ನೀವು ಯಾವ ಯಾವುದರ ಸದಸ್ಯರು ಅಂತ ನೋಡಬಹುದು. ಡೇಟಿಂಗ್‌ನಂಥ ಮುಜುಗರದ ತಾಣಗಳ ಸೋರಿಕೆಯನ್ನು ಹೀಗೆ ತೋರಿಸುವುದಿಲ್ಲ, ವಿಳಾಸ ನಿಮ್ಮದೇ ಅಂತ ಖಚಿತವಾದ ಮೇಲೆ ನಿಮಗೆ ಮಾತ್ರ ತಿಳಿಸುತ್ತಾರೆ. ಆದರೆ ಮುಜುಗರ ಯಾವುದರಲ್ಲಿದೆ ಅಂತ ಅವರು ತೀರ್ಮಾನಿಸುವುದಕ್ಕೂ ನಾನು ತೀರ್ಮಾನಿಸುವುದಕ್ಕೂ ವ್ಯತ್ಯಾಸ ಇರುತ್ತದಲ್ಲ! ಕಾಯಿಲೆಯ ಬಗ್ಗೆ, ಸಾಲದ ಬಗ್ಗೆ ಮಾತಾಡುವ ಗುಂಪಿನ ಸದಸ್ಯತ್ವವೂ ಕೆಲವರಿಗೆ ಗುಟ್ಟೇ. ಸಾರ್ವಜನಿಕ ಹುಡುಕಾಟದಿಂದ ನಿಮ್ಮ ವಿಳಾಸವನ್ನು ಮರೆ ಮಾಡುವ ಆಯ್ಕೆ ಇದೆ. ತಾಣದಲ್ಲಿ ಆಪ್ಟ್ ಔಟ್ ಅನ್ನುವ ಪುಟಕ್ಕೆ ಹೋಗಿ ಇಮೇಲ್ ಖಚಿತಪಡಿಸಿದರೆ ಕೆಲಸ ಆಗುತ್ತದೆ. ಇಮೇಲ್ ನೋಂದಾಯಿಸುವ ದಿನವೇ ಇದನ್ನೂ ಮುಗಿಸಿಬಿಡಿ.