ಎಲೆ ಉದುರಿದ ಮೇಲೆ ಡಾಗ್‌ವುಡ್ ಕೊಳ್ಳಬೇಡಿ. ನಾನು ಕೊಂಡೆ, ಕೆಟ್ಟೆ

ಮಿನ್ನೆಸೋಟದಲ್ಲಿರುವ ಕನ್ನಡದವರೆಲ್ಲ ದಯವಿಟ್ಟು ಓದಿ. ವಿಸ್ಕಾನ್ಸಿನ್, ಮಿಷಿಗನ್ ಕಡೆಯವರೂ ಓದಿ. ಈ ಗಿಡ ಅಲ್ಲೂ ಬೆಳೆಯುತ್ತದೆ, ಇಂಥ ವ್ಯಾಪಾರದವರೂ ಅಲ್ಲಿ ಇರಲೇಬೇಕು. ಬರೆಯೋಕೆ ನಾಚಿಕೆ ಆಗುತ್ತಿದೆ. ನನ್ನ ಮಾತು ಕೇಳಿ ಇನ್ನೂ ಮೂರು ಮನೆಯವರು ನನಗೆ ಗಿಡ ಮಾರಿದ ಆಸಾಮಿ ಹತ್ತಿರವೇ ಗಿಡ ತಗೊಂಡಿದ್ದಾರೆ. ಅವರಿಗೆ ಮುಖ ತೋರಿಸೋದು ಹೇಗೆ ಅಂತ ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ.

ವಿಷಯ ರೆಡ್ ಟ್ವಿಗ್ ಡಾಗ್‌ವುಡ್ ಅನ್ನೋ ಕೆಂಪು ಕಡ್ಡಿಯ ಪೊದೆಗಿಡ. ಇಲ್ಲಿ ಒಂದು ಚಳಿಗಾಲ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜನವರಿಯಲ್ಲಿ ಎಲ್ಲೆಲ್ಲೂ ಬಿಳಿ, ಇಲ್ಲಾ ಬೂದಿ. ಹೈವೇ ಪಕ್ಕದ ಹಳ್ಳದಲ್ಲಿ, ಕೆರೆಯ ಅಂಚಿನ ಜೌಗಿನಲ್ಲಿ ಮಾತ್ರ ಕೆಂಪು ಕೆಂಪು ಕಡ್ಡಿಗಳ ಪೊದೆ. ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದಾಗ ಕಾರಿನಿಂದ ನೋಡಿ, "ಇದೇನೋ, ಹಿಮದ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗಿದೆಯಲ್ಲೋ" ಅಂದಿದ್ದರು. ಆವತ್ತೇ ಅದು ನನ್ನ ತಲೆಗೆ ಹತ್ತಿತು.

ನಮ್ಮ ಹಿತ್ತಲಿನ ಒಂದು ಮೂಲೆ ತಗ್ಗು. ಮಾಳಿಗೆಯ ನೀರೆಲ್ಲ ಅಲ್ಲಿಗೇ ಇಳಿದು ಹಿಂದಿನ ಕೊಳಕ್ಕೆ ಹೋಗುತ್ತದೆ. ಹುಲ್ಲು ಹಾಕಿದರೆ ಕೊಳೆಯುತ್ತದೆ, ಮಣ್ಣು ಪ್ರತಿ ವರ್ಷ ಕೊಚ್ಚಿಕೊಂಡು ಹೋಗುತ್ತದೆ. ಇಲ್ಲಿನ ನೆಲದ ಡಾಗ್‌ವುಡ್ ಅಂಥ ಜಾಗಕ್ಕೇ ಹುಟ್ಟಿದ್ದು. ಕಾಲು ನೀರಲ್ಲಿದ್ದರೂ ಬದುಕುತ್ತದೆ. ಬುಡದಿಂದ ಬಳ್ಳಿಯಂಥ ಕುಡಿ ಓಡಿಸಿ, ನೆಲ ಮುಟ್ಟಿದಲ್ಲಿ ಬೇರು ಬಿಟ್ಟು, ತಾನೇ ಹರಡಿ ಮಣ್ಣು ಹಿಡಿಯುತ್ತದೆ. ಬೇಸಿಗೆಯ ಕೊನೆಗೆ ಬಿಳಿ ಹಣ್ಣು, ಅದಕ್ಕೆ ರಾಬಿನ್, ವ್ಯಾಕ್ಸ್‌ವಿಂಗ್ ಹಕ್ಕಿಗಳು. ಅದಕ್ಕೇ ನನಗೆ ನೇಟಿವ್, ಅಂದರೆ ಈ ನೆಲದ್ದೇ ಆದ ಗಿಡವೇ ಬೇಕಿತ್ತು. ನೇಟಿವ್. ಇದನ್ನು ಆ ಮನುಷ್ಯನಿಗೆ ಕನಿಷ್ಠ ನಾಲ್ಕು ಸಲ ಹೇಳಿದ್ದೇನೆ. ಬರೀ ಚಂದಕ್ಕೆ ಬೇಕಿದ್ದರೆ ಯಾವುದಾದರೂ ಆಗುತ್ತಿತ್ತು, ಅಲ್ವಾ?

ಕಳೆದ ಅಕ್ಟೋಬರ್ ಕೊನೆಗೆ ಆನ್‌ಲೈನ್ ಜಾಹೀರಾತು ನೋಡಿದೆ. "ನೇಟಿವ್ ರೆಡ್ ಟ್ವಿಗ್ ಡಾಗ್‌ವುಡ್, ಸೀಸನ್ ಕೊನೆಯ ಮಾರಾಟ, ನೆಟ್ಟೂ ಕೊಡುತ್ತೇವೆ." ಫೋನ್ ಮಾಡಿದೆ. ಏನು ಮಾತು ಅಂತೀರಿ! ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಇದರ ಒಳತೊಗಟೆಯನ್ನು ಸೇದುವ ಮಿಶ್ರಣಕ್ಕೆ ಬಳಸುತ್ತಿದ್ದರು, ಕಡ್ಡಿಯಿಂದ ಬುಟ್ಟಿ ಹೆಣೆಯುತ್ತಿದ್ದರು ಅಂದ. ಬಣ್ಣ ಗಾಢವಾಗಿರೋದು ಎಳೆಯ ಕಡ್ಡಿಯಲ್ಲಿ ಮಾತ್ರ, ಅದಕ್ಕೆ ಪ್ರತಿ ವರ್ಷ ಚಳಿಗಾಲ ಮುಗಿಯುವಾಗ ಹಳೆಯ ಕಡ್ಡಿಗಳಲ್ಲಿ ಮೂರನೇ ಒಂದು ಪಾಲು ಬುಡಕ್ಕೇ ಕತ್ತರಿಸಿ ಅಂದ. ಆಮೇಲೆ ಎಲ್ಲ ಪರೀಕ್ಷಿಸಿ ನೋಡಿದೆ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಎಲ್ಲ ನಿಜವೇ, ನನಗೆ ಮಾರದ ಗಿಡದ ಬಗ್ಗೆ.

ಒಂದಕ್ಕೆ 45 ಡಾಲರ್. 12 ಗಿಡ, 540. ಗುಂಡಿ ತೆಗೆದು ನೆಡೋದಕ್ಕೆ 260. ಒಟ್ಟು 800. ಝೆಲ್‌ನಲ್ಲೇ ಕಳಿಸಿ ಅಂದ, ಅಂದರೆ ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ. ಕಳಿಸಿದೆ. ಹೌದು, ಗೊತ್ತು, ಯಾರೂ ಹೇಳಬೇಡಿ. ನನ್ನ ಹೆಂಡತಿ ಈಗಾಗಲೇ ಹೇಳಿ ಆಗಿದೆ.

ನವೆಂಬರ್ ಮೊದಲ ವಾರ ಬಂದು ನೆಟ್ಟು ಹೋದ. ಎಲೆ ಒಂದೂ ಇಲ್ಲ. ಬರೀ ಕೆಂಪು ಕಡ್ಡಿ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಎಲೆ ಇಲ್ಲದ ಗಿಡಾನ ದುಡ್ಡು ಕೊಟ್ಟು ಯಾರಾದರೂ ತಗೋತಾರೇನೋ? ಎಮ್ಮೆ ನೀರಲ್ಲಿದ್ದಾಗ ದಡದಲ್ಲಿ ವ್ಯಾಪಾರ ಮಾಡಿದ ಹಾಗಾಯ್ತು" ಅಂದರು. ನಾನು ನಕ್ಕೆ. "ಅಮ್ಮಾ, ಇಲ್ಲಿ ಹಾಗೆಲ್ಲ ಇಲ್ಲ" ಅಂದೆ. ಈ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಚಿಕ್ಕಂದಿನಲ್ಲಿ ತಳ್ಳುಗಾಡಿಯವನ ಹತ್ತಿರ ಕೆಂಪು ಗುಲಾಬಿ ಅಂತ ತಂದ ಗಿಡ ಪೇಲವ ಗುಲಾಬಿ ಬಣ್ಣದ ಹೂ ಬಿಟ್ಟಿದ್ದನ್ನು ನೋಡಿ ಬೆಳೆದವನು ನಾನು.

ಚಳಿಗಾಲವೆಲ್ಲ ಮೆರೆದೆ. ಹಿಮದಲ್ಲಿ ಕೆಂಪು ಕಡ್ಡಿ, ಫೋಟೋ ಮೇಲೆ ಫೋಟೋ. ಸಂಕ್ರಾಂತಿಗೆ ಮನೆಗೆ ಬಂದವರಿಗೆಲ್ಲ ಎಳ್ಳುಬೆಲ್ಲದ ಜೊತೆ ಡಾಗ್‌ವುಡ್ ಭಾಷಣ. "ಇದು ಇಲ್ಲಿನದೇ ಗಿಡ, ಹೊರಗಿನದಲ್ಲ" ಅಂತ. ಮೂರು ಮನೆಯವರು ಅಲ್ಲೇ ನಂಬರ್ ತಗೊಂಡರು. ಏಪ್ರಿಲ್‌ನಲ್ಲಿ, ಚಿಗುರೊಡೆಯುವ ಮೊದಲೇ, ಅವರಿಗೂ ನೆಟ್ಟು ಬಂದ.

ಮೇ ಎರಡನೇ ವಾರ ಎಲೆ ಬಿಚ್ಚಿತು. ಬೆಳಿಗ್ಗೆ ಕಾಫಿ ಹಿಡಿದು ಹೋಗಿ ನೋಡಿದರೆ ಎಲೆಯ ಅಂಚೆಲ್ಲ ಬಿಳಿ. ಮೊದಲು ರೋಗ ಅಂದುಕೊಂಡೆ. ಇನ್ನೊಂದು ಗಿಡ ನೋಡಿದೆ. ಅದಕ್ಕೂ ಬಿಳಿ. ಹನ್ನೆರಡಕ್ಕೆ ಹನ್ನೆರಡೂ, ಸುಣ್ಣದ ಕುಂಚದಲ್ಲಿ ಅಂಚು ಎಳೆದ ಹಾಗೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜಿ ನೋಡುತ್ತಿದ್ದರು. ಅವರ ಹಿತ್ತಲು ಪೂರ್ತಿ ಇಲ್ಲಿನ ಹೂಗಿಡಗಳೇ. "ಚಂದ ಇದೆ. ಆದರೆ ಇದು ಇಲ್ಲಿನದಲ್ಲ, ಸೈಬೀರಿಯಾದ್ದು" ಅಂದರು. ಅಷ್ಟೇ. ಬೈದಿದ್ದರೆ ವಾಸಿ ಇತ್ತು. ನಾನು ಅಲ್ಲೇ ನಿಂತಿದ್ದೆ, ಕಾಫಿ ತಣ್ಣಗಾಯಿತು. ಚಳಿಗಾಲವೆಲ್ಲ ಆ ಅಜ್ಜಿಗೂ ಭಾಷಣ ಮಾಡಿದ್ದೆ. ಅವರು ತಲೆಯಾಡಿಸಿ ಕೇಳಿದ್ದರು.

ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್‌ನಲ್ಲಿ (ಜನರಿಗೆ ಕೃಷಿ, ತೋಟದ ಸಲಹೆ ಕೊಡುವ ವಿಭಾಗ) ಮಾಸ್ಟರ್ ಗಾರ್ಡನರ್ ಅಂತ ತರಬೇತಿ ಪಡೆದ ಸ್ವಯಂಸೇವಕರಿದ್ದಾರೆ, ಅವರಿಗೆ ಫೋಟೋ ತೋರಿಸಿದೆ. ಅದೇ ಉತ್ತರ. ಟಾರ್ಟೇರಿಯನ್ ಡಾಗ್‌ವುಡ್, ಕಾರ್ನಸ್ ಆಲ್ಬ, ಎಲೆಗೆ ಬಿಳಿ ಅಂಚಿರುವ ತೋಟದ ತಳಿ. ಸೈಬೀರಿಯಾ, ಉತ್ತರ ಚೀನಾ, ಕೊರಿಯಾ ಕಡೆಯದು. ನನಗೆ ಬೇಕಿದ್ದದ್ದು ಕಾರ್ನಸ್ ಸೆರಿಸಿಯಾ. ಕಡ್ಡಿ ಎರಡರದ್ದೂ ಕೆಂಪೇ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು, ರೆಡ್ ಟ್ವಿಗ್ ಡಾಗ್‌ವುಡ್. ಎಲೆ ಇಲ್ಲದಾಗ ನಮ್ಮಂಥವರಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಸೆರಿಸಿಯಾ ಹಾಗೆ ಕುಡಿ ಓಡಿಸಿ ಹರಡೋದೂ ಇದಕ್ಕೆ ಅಷ್ಟಾಗಿ ಇಲ್ಲವಂತೆ. ಅಂದರೆ ನನ್ನ ಮಣ್ಣು ಈ ವರ್ಷವೂ ಕೊಳಕ್ಕೇ ಹೋಗುತ್ತದೆ.

ಈಗ ಅವನ ಉತ್ತರಗಳನ್ನು ಕೇಳಿ. ಇದಕ್ಕೋಸ್ಕರವೇ ಬರೆಯೋಕೆ ಕೂತಿದ್ದು.

ಮೊದಲ ಮೆಸೇಜಿಗೆ ಉತ್ತರ: "ಎಲೆ ಇನ್ನೂ ಹೊಸದು. ಬಲಿತ ಮೇಲೆ ಬಿಳಿ ಹೋಗುತ್ತೆ." ಒಂದು ವಾರ ಕಾದೆ. ಎಲೆ ದೊಡ್ಡದಾಯಿತು. ಬಿಳಿಯೂ ದೊಡ್ಡದಾಯಿತು.

ಎರಡನೆಯದು ಒಂದು ವಿಡಿಯೋ. ಒಂದು ಎಲೆಯನ್ನು ಅಡ್ಡಕ್ಕೆ ಮೆಲ್ಲಗೆ ಹರಿಯುತ್ತಾನೆ. ಎರಡು ತುಂಡಿನ ನಡುವೆ ಜೇಡರ ಬಲೆಯಂಥ ಎಳೆಗಳು, ಕೆಳಗಿನ ತುಂಡು ನೇತಾಡುತ್ತದೆ. "ನೋಡಿ, ದಾರ! ನಿಜವಾದ ಡಾಗ್‌ವುಡ್!" ಅಂತಾನೆ. ನಾನೂ ಹಿತ್ತಲಿಗೆ ಓಡಿ ಒಂದು ಎಲೆ ಹರಿದು ನೋಡಿದೆ. ದಾರ ಬಂತು! ಐದು ನಿಮಿಷ ಸಮಾಧಾನವೂ ಆಯಿತು, ಅಷ್ಟು ಪೆದ್ದ ನಾನು. ಆಮೇಲೆ ಹೊಳೆಯಿತು. ಇದು ಡಾಗ್‌ವುಡ್ ಹೌದೋ ಅಲ್ಲವೋ ಅಂತ ನಾನು ಯಾವಾಗ ಕೇಳಿದೆ? ಸೈಬೀರಿಯಾದ ಡಾಗ್‌ವುಡ್ ಎಲೆಗೂ ದಾರ ಬರುತ್ತದೆ. ನಾನು ಕೇಳಿದ್ದೇ ಬೇರೆ, ಅವನು ಸಾಬೀತು ಮಾಡಿದ್ದೇ ಬೇರೆ.

ಮೂರನೆಯದು ಇನ್ನೂ ಜಾಣತನದ್ದು. "ಕೆಲವು ಪುಸ್ತಕಗಳಲ್ಲಿ ಎರಡೂ ಒಂದೇ ಜಾತಿ ಅಂತ ಇದೆ, ಬೇಕಾದರೆ ನೋಡಿ." ನೋಡಿದೆ. ಹೊಟ್ಟೆ ಉರಿಯೋದೇ ಇಲ್ಲಿ. ಕೆಲವು ಸಸ್ಯಶಾಸ್ತ್ರಜ್ಞರು ನಿಜವಾಗಿಯೂ ಇಲ್ಲಿನದನ್ನು ಕಾರ್ನಸ್ ಆಲ್ಬದ ಉಪಜಾತಿ ಅಂತ ಕರೆದಿದ್ದಾರೆ. ಅಷ್ಟಕ್ಕೆ ಸೈಬೀರಿಯಾದ ಗಿಡ ಮಿನ್ನೆಸೋಟದ ಮಗು ಆಗಿಬಿಡುತ್ತಾ? ನಮ್ಮೂರ ಕಡೆಯ ಅಂಕೋಲೆ ಗಿಡವನ್ನೂ ಈಗ ಡಾಗ್‌ವುಡ್ ಕುಟುಂಬಕ್ಕೇ ಸೇರಿಸುತ್ತಾರೆ. ಇವನ ಲೆಕ್ಕದಲ್ಲಿ ಅದನ್ನೂ ತಂದು ನೆಟ್ಟು ನೇಟಿವ್ ಅನ್ನಬಹುದಿತ್ತು.

ನಾಲ್ಕನೆಯದು: "ಬಿಲ್ ಓದಿ." ಓದಿದೆ. "ರೆಡ್ ಟ್ವಿಗ್ ಡಾಗ್‌ವುಡ್, 12." ಅಷ್ಟೇ. ನೇಟಿವ್ ಅನ್ನೋ ಪದ ಎಲ್ಲೂ ಇಲ್ಲ. ಲ್ಯಾಟಿನ್ ಹೆಸರೂ ಇಲ್ಲ. ಜಾಹೀರಾತು ಹುಡುಕಿದೆ. ಅಳಿಸಿ ಹಾಕಿದ್ದಾನೆ. ಮಾತೆಲ್ಲ ಫೋನಿನಲ್ಲೇ ಆಗಿತ್ತು. ನನ್ನ ಹತ್ತಿರ ಏನೂ ಇಲ್ಲ.

ಐದನೆಯದನ್ನು ಮಾತ್ರ ನಾನು ಜನ್ಮದಲ್ಲಿ ಮರೆಯಲ್ಲ. "ಬಿಳಿ ಅಂಚಿನ ಗಿಡಕ್ಕೆ ಬೆಲೆ ಜಾಸ್ತಿ. ನಿಮಗೆ ಅಪ್‌ಗ್ರೇಡ್ ಸಿಕ್ಕಿದೆ ಅಂದುಕೊಳ್ಳಿ." ಅಪ್‌ಗ್ರೇಡ್! ದುಡ್ಡು ವಾಪಸ್ ಕೊಡು ಅಂದೆ. ಹೆಬ್ಬೆರಳಿನ ಚಿತ್ರ ಬಂತು. ಆಮೇಲೆ ಏನೂ ಇಲ್ಲ.

ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅದು ಚೆನ್ನಾಗಿಯೇ ಬೆಳೆಯುತ್ತಿದೆ. ಚಂದಕ್ಕೆ ಬೇಕಾದವರು ಗೊತ್ತಿದ್ದೇ ಕೊಳ್ಳಲಿ. ಆದರೆ ನೇಟಿವ್ ಬೇಕಾದರೆ ಬಿಲ್ಲಿನಲ್ಲಿ ಕಾರ್ನಸ್ ಸೆರಿಸಿಯಾ ಅಂತ ಬರೆಸಿಕೊಳ್ಳಿ. ಕಾರ್ನಸ್ ಸ್ಟೊಲೊನಿಫೆರಾ ಅಂತ ಇದ್ದರೂ ಸರಿ, ಅದೇ ಗಿಡದ ಇನ್ನೊಂದು ಹೆಸರು. ಆಲ್ಬ ಅಂತ ಇದ್ದರೆ ಬೇಡ. ಸ್ಯಾಂಗ್ವಿನಿಯಾ ಅಂದರೆ ಯುರೋಪಿನದು, ಅದೂ ಬೇಡ. ಬರೆಯೋಕೆ ಹಿಂದೆಮುಂದೆ ನೋಡಿದರೆ ಫೋನ್ ಇಡಿ. ಝೆಲ್ ಬೇಡ, ಕ್ರೆಡಿಟ್ ಕಾರ್ಡ್ ಕೊಡಿ, ಜಗಳಕ್ಕಾದರೂ ಜಾಗ ಇರುತ್ತದೆ. ಮತ್ತೆ ಎಲೆ ಇರುವಾಗ ಕೊಳ್ಳಿ, ಮಾರಾಯ್ರೇ, ಎಲೆ ಇರುವಾಗ!

ಇನ್ನೊಂದು ಹೇಳದಿದ್ದರೆ ನಿದ್ದೆ ಬರಲ್ಲ. ಇಲ್ಲಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಮಣ್ಣು ನೀರು ಸಂರಕ್ಷಣೆ ಕಚೇರಿಗಳು ಪ್ರತಿ ವಸಂತದಲ್ಲಿ ಗಿಡ ಮಾರುತ್ತವೆ. ಬೇರು ಬಿಟ್ಟ ಚಿಕ್ಕ ಸಸಿಗಳ ಕಟ್ಟು. ಎಷ್ಟೋ ಕಡೆ ಪಟ್ಟಿಯಲ್ಲಿ ಈ ಡಾಗ್‌ವುಡ್ಡೂ ಇರುತ್ತದೆ. ನನ್ನ ಒಂದೆರಡು ಗಿಡದ ದುಡ್ಡಿಗೆ ಒಂದು ಇಡೀ ಕಟ್ಟು ಬರುತ್ತಿತ್ತು. ಪಕ್ಕದ ಮನೆ ಅಜ್ಜಿ ತಂದಿದ್ದೂ ಅಲ್ಲಿಂದಲೇ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಮಾತು ನಿಲ್ಲಿಸಿದ್ದರೆ ತಾನೇ ಅವರು ಹೇಳೋದು.

ಆ ಮೂರು ಮನೆಯಲ್ಲಿ ಒಬ್ಬರು ನಿನ್ನೆ ಫೋನ್ ಮಾಡಿ, "ಎಲೆಗೆ ಬಿಳಿ ಬಂದಿದೆ, ಏನಾದರೂ ಔಷಧಿ ಹೊಡೆಯಬೇಕಾ?" ಅಂತ ಕೇಳಿದರು. ಇನ್ನೂ ಉತ್ತರ ಕೊಟ್ಟಿಲ್ಲ. ಇದನ್ನೇ ಕಳಿಸುತ್ತೇನೆ. ಅಕ್ಟೋಬರ್‌ನ ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ನನಗೆ ಕಳಿಸಿ.